ಅಳು ಬರದಂಥ ಪುಸ್ತಕ ಹೇಳು ಅಂತಾರೆ

ಪರೀಕ್ಷೆ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ನನಗೆ ಫೋನುಗಳು ಶುರುವಾಗುತ್ತವೆ. ನೆಂಟರು, ನೆಂಟರ ನೆಂಟರು, ಜೊತೆಗೆ ಓದಿದವರು. ಮಗ ಐದನೇ ಕ್ಲಾಸು ಮುಗಿಸಿದ, ಮಗಳು ಏಳಕ್ಕೆ ಬಂದಳು, ಕೈಯಿಂದ ಮೊಬೈಲ್ ಬಿಡಿಸೋದೇ ಕಷ್ಟ, ಒಂದೆರಡು ಪುಸ್ತಕ ಹೇಳು ಅಂತ. ಸಾಗರದ ಹತ್ತಿರ ಒಂದು ಪಂಚಾಯ್ತಿ ಲೈಬ್ರರಿಯಲ್ಲಿ ಶನಿವಾರ ಮಧ್ಯಾಹ್ನ ನಾನು ಮಕ್ಕಳಿಗೆ ಕಥೆ ಓದುತ್ತೇನೆ. ಅದು ಎಲ್ಲರಿಗೂ ಗೊತ್ತಾಗಿದೆ. ಹಾಗಾಗಿ ಕೇಳುತ್ತಾರೆ. ಕೇಳಿದರೆ ನನಗೆ ಖುಷಿಯೇ. ಒಂದು ಮಗುವಿಗೆ ಸರಿಯಾದ ಪುಸ್ತಕ ಹುಡುಕಿ ಕೊಡುವುದಕ್ಕಿಂತ ಇಷ್ಟದ ಕೆಲಸ ನನಗೆ ಬೇರೆ ಇಲ್ಲ.

ಈ ಸಲ ಶಿವಮೊಗ್ಗದ ವಿನೋಬನಗರದಿಂದ ಚಿಕ್ಕಮ್ಮನ ಮಗಳು ಫೋನ್ ಮಾಡಿದಳು. "ಅಕ್ಕಾ, ಇವನಿಗೆ ಹತ್ತು ತುಂಬ್ತು. ಕನ್ನಡದ್ದೇ ಓದಿಸೋಣ ಅಂತ. ಆದ್ರೆ ಸಾವು-ಗೀವು ಇರೋದು ಬೇಡ. ಅಳು ಬರೋ ಅಂಥದ್ದು ಬೇಡ. ಕೊನೇಲಿ ಏನಾದ್ರೂ ಒಳ್ಳೇದು ಕಲಿಯೋ ಹಾಗಿರ್ಲಿ" ಅಂದಳು. ಅವಳ ಮಾತಿನಲ್ಲಿ ಪ್ರೀತಿ ಬಿಟ್ಟರೆ ಬೇರೇನೂ ಇರಲಿಲ್ಲ. ಎರಡು ದಿನದಲ್ಲಿ ಹೇಳುತ್ತೇನೆ ಅಂತ ಫೋನ್ ಇಟ್ಟೆ. ಆಮೇಲೆ ಕಪಾಟಿನ ಮುಂದೆ ನಿಂತು ಒಂದೊಂದೇ ಪುಸ್ತಕ ತೆಗೆದು ನೋಡಿದೆ. ಮಕ್ಕಳು ಮತ್ತೆ ಮತ್ತೆ ಕೇಳಿ ಓದಿಸಿಕೊಂಡ ಪುಸ್ತಕಗಳಲ್ಲಿ ಅವಳು ಹೇಳಿದ್ದಕ್ಕೆಲ್ಲ ಹೊಂದುವುದು ಒಂದೂ ಇರಲಿಲ್ಲ. ಎಲ್ಲದರಲ್ಲೂ ಯಾರೋ ಹೋಗಿಬಿಡುತ್ತಾರೆ, ಏನೋ ಕಳೆಯುತ್ತದೆ, ಇಲ್ಲವೇ ಕೊನೆಯಲ್ಲಿ ಏನಾಯಿತು ಅನ್ನುವುದು ಪೂರ್ತಿ ತಿಳಿಯುವುದಿಲ್ಲ. ಇದು ಯಾಕೆ ಹೀಗೆ ಅಂತ ಅವತ್ತಿನಿಂದ ಯೋಚಿಸುತ್ತಿದ್ದೇನೆ.

ನಾಲ್ಕನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ

ಎಂಟರಿಂದ ಹನ್ನೆರಡು ವರ್ಷದ ಮಕ್ಕಳದ್ದು ಒಂದು ಬೇರೆಯೇ ಲೋಕ. ಅದಕ್ಕಿಂತ ಚಿಕ್ಕವರಿಗೆ ಕೊಡಲು ನಮ್ಮಲ್ಲಿ ಬೇಕಾದಷ್ಟಿದೆ. ಹಾಡುಗಳಿವೆ, ಚಿತ್ರದ ಪುಸ್ತಕಗಳಿವೆ, ಅಜ್ಜಿ ಕಥೆಗಳಿವೆ. ಹೈಸ್ಕೂಲಿಗೆ ಹೋದವರು ತಾವೇ ಏನೋ ಹುಡುಕಿಕೊಳ್ಳುತ್ತಾರೆ, ಅಥವಾ ಟ್ಯೂಷನ್ನು ಅವರನ್ನು ನುಂಗಿಬಿಡುತ್ತದೆ. ನಡುವಿನ ಈ ನಾಲ್ಕೈದು ವರ್ಷ ಮಾತ್ರ ಓದಿನ ವಿಷಯದಲ್ಲಿ ಯಾರೂ ಸರಿಯಾಗಿ ನೋಡಿಕೊಳ್ಳದ ಕಾಲ. ಅಕ್ಷರ ಕೂಡಿಸಿ ಓದುವ ಕಷ್ಟ ಮುಗಿದಿರುತ್ತದೆ. ಪುಸ್ತಕ ಹಿಡಿದರೆ ಊಟಕ್ಕೆ ಕರೆದರೂ ಕೇಳಿಸದಷ್ಟು ಮುಳುಗುವ ಶಕ್ತಿ ಬಂದಿರುತ್ತದೆ. ಆಗ ನಾವು ಅವರ ಕೈಗೆ ಇಡುವುದು ಏನು? ಒಂದೋ ನಾಲ್ಕು ಸಾಲಿನ ನೀತಿ ಕಥೆ, ಇಲ್ಲವೇ ಹುಟ್ಟಿದ ದಿನದಿಂದ ಒಂದೂ ತಪ್ಪು ಮಾಡದ ಮಹಾಪುರುಷರ ಚರಿತ್ರೆ.

ಈ ವಯಸ್ಸಿನವರು ದೊಡ್ಡವರ ಮಾತನ್ನು ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳುತ್ತಾರೆ. ಪೂರ್ತಿ ಅರ್ಥವಾಗದಿದ್ದರೂ ದನಿ ಅರ್ಥವಾಗುತ್ತದೆ. ಅದರಲ್ಲೂ ನಮ್ಮ ಕಡೆಯ ಮಕ್ಕಳಿಗೆ ಗೊತ್ತಿರುವುದು ಸ್ವಲ್ಪ ಜಾಸ್ತಿಯೇ. ಅಡಿಕೆ ತೋಟಕ್ಕೆ ಕೊಳೆ ರೋಗ ಬಂದರೆ ಆ ವರ್ಷ ಹೊಸ ಬಟ್ಟೆ ಇಲ್ಲ ಅಂತ ಯಾರೂ ಹೇಳಿಕೊಡಬೇಕಿಲ್ಲ. ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬಾರದು, ಆರೋಗ್ಯ ಇಲಾಖೆಯವರಿಗೆ ಹೇಳಬೇಕು, ಸೊಪ್ಪಿಗೆ ಹೋಗುವಾಗ ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಳ್ಳಬೇಕು ಅನ್ನುವುದು ಮೂರನೇ ಕ್ಲಾಸಿನವರಿಗೂ ಗೊತ್ತು. ಉಣುಗಿನಿಂದ ಹರಡುವ ಈ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2019ರಲ್ಲಿ ಅರಳಗೋಡಿನ ಸುತ್ತಮುತ್ತ ಅದು ಜನರನ್ನು ಬಲಿ ತೆಗೆದುಕೊಂಡಾಗ ಆ ಊರುಗಳ ಮಕ್ಕಳು ಏನು ಕೇಳಿಸಿಕೊಂಡಿರಬಹುದು ಯೋಚಿಸಿ. ಇನ್ನು ಶಿವಮೊಗ್ಗ ಪೇಟೆಯ ಮಕ್ಕಳಿಗೆ ಮಳೆಗಾಲದಲ್ಲಿ ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತು ಅಂದರೆ ತುಂಗೆ ಎಷ್ಟು ಬಂದಿದ್ದಾಳೆ ಅಂತ ಲೆಕ್ಕ ಸಿಗುತ್ತದೆ.

ಇಷ್ಟೆಲ್ಲ ಗೊತ್ತಿರುವ ಮಗುವಿಗೆ ಏನೂ ಗೊತ್ತಿಲ್ಲದ ಪುಸ್ತಕ ಕೊಟ್ಟರೆ ಅದು ಓದುವುದಿಲ್ಲ. ಮಗುವಿಗೆ ಎಷ್ಟು ಗೊತ್ತೋ ಕನಿಷ್ಠ ಅಷ್ಟಾದರೂ ಪುಸ್ತಕಕ್ಕೆ ಗೊತ್ತಿರಬೇಕು. ನಾನು ಪುಸ್ತಕ ಆರಿಸುವಾಗ ನೋಡುವುದು ಹೆಚ್ಚುಕಮ್ಮಿ ಇದನ್ನೇ.

ಮುಳುಗಡೆಯ ಊರಿನ ಹುಡುಗಿ

ಆ ಲೈಬ್ರರಿಗೆ ಬರುವ ಮಕ್ಕಳಲ್ಲಿ ಆರನೇ ಕ್ಲಾಸಿನ ಒಬ್ಬಳು ಹುಡುಗಿ ಇದ್ದಳು. ಮಾತು ಕಡಿಮೆ. ಬಂದವಳೇ ಕಪಾಟಿನ ಕೆಳಗಿನ ಸಾಲಿನ ಮುಂದೆ ಕೂತು ಪುಸ್ತಕದ ಬೆನ್ನಿನ ಹೆಸರುಗಳನ್ನು ಓದುತ್ತಿದ್ದಳು. ತೆಗೆಯುತ್ತಿರಲಿಲ್ಲ. ಒಂದು ಜುಲೈ ತಿಂಗಳು, ಮಳೆ ಎಷ್ಟಿತ್ತೆಂದರೆ ಹೆಂಚಿನ ಮೇಲಿನ ಸದ್ದಿಗೆ ನನ್ನ ದನಿ ಹಿಂದಿನ ಸಾಲಿಗೆ ಕೇಳುತ್ತಿರಲಿಲ್ಲ. ಓದುವುದನ್ನು ನಿಲ್ಲಿಸಿ, ನಿಮಗೆ ಬೇಕಾದ್ದು ತೆಗೆದುಕೊಳ್ಳಿ ಅಂದೆ. ಅವಳ ಹತ್ತಿರ ಹೋಗಿ ನಾ. ಡಿಸೋಜ ಅವರ 'ಮುಳುಗಡೆಯ ಊರಿಗೆ ಬಂದವರು' ಕೊಟ್ಟೆ. ಅವಳು ರಕ್ಷಾಪುಟ ನೋಡಿದಳು. ಹೆಸರನ್ನು ಬೆರಳಿಟ್ಟು ಓದಿದಳು.

"ಅಕ್ಕಾ, ಇದು ನಿಜವಾಗ್ಲೂ ಮುಳುಗಡೆ ಬಗ್ಗೆಯಾ?"

"ಹೌದು. ಯಾಕೆ?"

"ನಮ್ಮ ಅಜ್ಜಯ್ಯನ ಮನೆ ನೀರೊಳಗೆ ಇದೆ."

ಇದೆ ಅಂದಳು. ಇತ್ತು ಅನ್ನಲಿಲ್ಲ. ಆಮೇಲೆ ಅವಳು ಹೇಳುತ್ತಾ ಹೋದಳು. ಅಷ್ಟು ಮಾತಾಡುವುದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. ಮನೆಯ ಮುಂದೆ ಹಲಸಿನ ಮರ ಇತ್ತಂತೆ. ಲಾರಿ ಬಂದಾಗ ಅಜ್ಜಯ್ಯನಿಗೆ ಈಗ ಅವಳಿಗಿರುವಷ್ಟೇ ವಯಸ್ಸಂತೆ. ಒಂದು ದನ ಲಾರಿ ಹತ್ತಲಿಲ್ಲವಂತೆ. ಆ ದನ ಏನಾಯಿತು ಅಂತ ಕೇಳಿದರೆ ಅಜ್ಜಯ್ಯ ಬೇರೆ ಮಾತು ತೆಗೆಯುತ್ತಾರಂತೆ.

ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟೆ ಮುಗಿದದ್ದು 1964ರಲ್ಲಿ. ಅದು ಮುಳುಗಿಸಿದ್ದರಲ್ಲಿ ಮನೆ, ಗದ್ದೆ, ದೇವಸ್ಥಾನಗಳ ಜೊತೆಗೆ ಅದಕ್ಕಿಂತ ಹಳೆಯದಾದ ಮಡೆನೂರು ಅಣೆಕಟ್ಟೆಯೂ ಒಂದು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಡಿಸೋಜ ಅವರು ಸಾಗರದಲ್ಲೇ ಹುಟ್ಟಿದವರು. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಒಳಗಿನಿಂದಲೇ ನೋಡಿದವರು. ದೊಡ್ಡವರಿಗೆ 'ಮುಳುಗಡೆ', 'ದ್ವೀಪ' ಬರೆದವರು ಮಕ್ಕಳಿಗೂ ಅದೇ ನೀರಿನ ಬಗ್ಗೆ ಬರೆದರು. ಮಕ್ಕಳಿಗೆ ಇದೆಲ್ಲ ಯಾಕೆ ಅಂತ ಅವರಿಗೆ ಅನ್ನಿಸಲಿಲ್ಲ. ಆ ಪುಸ್ತಕಕ್ಕೆ 2011ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಸಾಹಿತ್ಯ ಪುರಸ್ಕಾರ ಬಂತು. 2025ರ ಜನವರಿಯಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಮೊದಲು ನೆನಪಾದದ್ದು ಆ ಪ್ರಶಸ್ತಿ ಅಲ್ಲ, ಈ ಹುಡುಗಿ.

ಅವಳು ಪುಸ್ತಕ ವಾಪಸು ತರಲು ತುಂಬ ದಿನ ತೆಗೆದುಕೊಂಡಳು. ಲೈಬ್ರರಿ ನೋಡಿಕೊಳ್ಳುವವರು ಒಂದೆರಡು ಸಲ ಕೇಳಿದರು. ನಾನು ಸುಮ್ನೆ ಬಿಡಿ ಅಂದೆ. ಕೊನೆಗೆ ತಂದಾಗ ಹೇಳಿದಳು: ಅಜ್ಜಯ್ಯನಿಗೆ ಕಣ್ಣು ಸರಿ ಕಾಣುವುದಿಲ್ಲ, ಅದಕ್ಕೇ ರಾತ್ರಿ ಊಟ ಆದಮೇಲೆ ಅವಳೇ ದಿನಾ ಸ್ವಲ್ಪ ಸ್ವಲ್ಪ ಓದಿ ಹೇಳಿದಳಂತೆ. ನಡುವೆ ನಡುವೆ ಅವರು ನಿಲ್ಲಿಸು ಅಂತಿದ್ದರಂತೆ. ನಿಲ್ಲಿಸಿದಾಗ ತಮ್ಮ ಊರಿನದ್ದು ಹೇಳುತ್ತಿದ್ದರಂತೆ.

"ದನದ್ದು ಹೇಳಿದ್ರಾ?" ಅಂದೆ.

"ಹೇಳಿದ್ರು" ಅಂದಳು. ಏನು ಅಂತ ನಾನು ಕೇಳಲಿಲ್ಲ. ಅದು ಅವರಿಬ್ಬರದ್ದು.

ಇಂಥ ಮಗುವಿಗೆ ಯಾವ ನೀತಿ ಬೇಕು ಹೇಳಿ? ಮನೆಯಲ್ಲಿ ಆರು ದಶಕದಿಂದ ಯಾರೂ ಬಾಯಿಬಿಟ್ಟು ಆಡದಿದ್ದ ಮಾತಿಗೆ ಒಂದು ಪುಸ್ತಕ ದಾರಿ ಮಾಡಿತು. ಅವಳಿಗೆ ಅಳು ಬಂದಿರಬಹುದು. ಬರಲಿ ಅನ್ನುತ್ತೇನೆ ನಾನು.

ನಾವು ಮರೆತಿರುವುದು

ನನಗೆ ಆಶ್ಚರ್ಯ ಆಗುವುದು ಇದು. ಸಾವು ಬೇಡ ಅನ್ನುವ ನಾವೇ ಎರಡು ವರ್ಷದ ಕೂಸಿಗೆ ಪುಣ್ಯಕೋಟಿಯ ಹಾಡು ಹೇಳಿ ಮಲಗಿಸುತ್ತೇವೆ. ಅದರಲ್ಲಿ ಒಂದು ತಾಯಿ ತನ್ನ ಕರುವನ್ನು ಬೇರೆಯವರ ಕೈಗೆ ಒಪ್ಪಿಸಿ ಸಾಯಲು ಹೊರಡುತ್ತಾಳೆ. ಕೊನೆಯಲ್ಲಿ ಹುಲಿ ಪ್ರಾಣ ಬಿಡುತ್ತದೆ. ನಾನು ಕಂಡ ಮಕ್ಕಳಲ್ಲಿ ಅರ್ಧಕ್ಕರ್ಧ ಜನ ಅಳುವುದು ಹುಲಿಗೋಸ್ಕರ. ಆ ಅಳುವನ್ನು ಅವರಿಗೆ ಯಾರೂ ಕಲಿಸಿಲ್ಲ. ಹಸಿದ ಹುಲಿಯದ್ದು ತಪ್ಪಾ ಅಂತ ಅವರೇ ಕೇಳಿಕೊಳ್ಳುತ್ತಾರೆ.

ಕಿಂದರಿಜೋಗಿಯನ್ನೇ ನೋಡಿ. ಜರ್ಮನಿಯ ಹ್ಯಾಮೆಲಿನ್ ಊರಿನ ದಂತಕಥೆ, ಬ್ರೌನಿಂಗ್ ಇಂಗ್ಲಿಷಿನಲ್ಲಿ ಹಾಡಿದ್ದು. ಕುಪ್ಪಳಿಯ ಕುವೆಂಪು ಅದನ್ನು ತುಂಗಾ ತೀರಕ್ಕೆ ತಂದು ಕೂರಿಸಿದರು. ಇಲಿಗಳ ಪಟ್ಟಿ ಬರುವಾಗ ಮಕ್ಕಳು ಕುಣಿಯುತ್ತಾರೆ. ಆದರೆ ಕಥೆ ಏನು? ದೊಡ್ಡವರು ಮಾತಿಗೆ ತಪ್ಪುತ್ತಾರೆ, ಅದಕ್ಕೆ ಊರಿನ ಮಕ್ಕಳೆಲ್ಲ ಜೋಗಿಯ ಹಿಂದೆ ಹೊರಟುಹೋಗುತ್ತಾರೆ. ಇಷ್ಟು ದೊಡ್ಡ ಕಥೆಯನ್ನು ಶಾಲಾ ವಾರ್ಷಿಕೋತ್ಸವದಲ್ಲಿ ಆಡಿಸಿ ಚಪ್ಪಾಳೆ ತಟ್ಟುವ ನಾವು, ಅದೇ ಮಗುವಿಗೆ ಹತ್ತು ತುಂಬಿದ ತಕ್ಷಣ ಕಥೆಯಿಂದ ಮುಳ್ಳೆಲ್ಲ ತೆಗೆದು ಕೊಡಲು ನೋಡುತ್ತೇವೆ. ನಮ್ಮ ಹಿಂದಿನವರು ಮಕ್ಕಳನ್ನು ನಮಗಿಂತ ಹೆಚ್ಚು ನಂಬಿದ್ದರು ಅನಿಸುತ್ತದೆ.

ಸಮುದ್ರದ್ದೊಂದು, ಬೆಟ್ಟದ್ದೊಂದು

ಯಾರಾದರೂ ಒಂದೇ ಒಂದು ಪುಸ್ತಕ ಹೇಳು ಅಂದರೆ ನಾನು ಹೇಳುವುದು 'ತೊತ್ತೊ-ಚಾನ್'. ಜಪಾನಿನ ತೆತ್ಸುಕೊ ಕುರೊಯಾನಗಿ ತಮ್ಮ ಬಾಲ್ಯದ ಶಾಲೆಯ ಬಗ್ಗೆ ಬರೆದದ್ದು, ಅಲ್ಲಿ 1981ರಲ್ಲಿ ಬಂತು. ಕನ್ನಡಕ್ಕೆ ವಿ. ಗಾಯತ್ರಿ ತಂದಿದ್ದಾರೆ, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಟಣೆ, ಬೆಲೆಯೂ ಕಡಿಮೆ. ತುಂಬ ಮೇಷ್ಟ್ರುಗಳು ಇದನ್ನು ಶಿಕ್ಷಣದ ಪುಸ್ತಕ ಅಂತ ಓದುತ್ತಾರೆ. ಮಕ್ಕಳ ಕೈಗೆ ಕೊಡುವವರು ಕಡಿಮೆ. ಕೊಟ್ಟು ನೋಡಿ.

ರೈಲಿನ ಹಳೆ ಬೋಗಿಗಳೇ ಕ್ಲಾಸ್‌ರೂಮು ಅನ್ನುವಲ್ಲಿಗೆ ಮಕ್ಕಳು ಪೂರ್ತಿ ಒಳಗೆ ಬಂದಿರುತ್ತಾರೆ. ತಾಳಗುಪ್ಪದ ರೈಲು ನೋಡಿದ ಮಕ್ಕಳು ನಮ್ಮವರು. ಯಾವ ಬೋಗಿಯಲ್ಲಿ ಯಾವ ಪಾಠ ಇರಬೇಕು ಅಂತ ಅಲ್ಲೇ ಜಗಳ ಶುರು. ಹೆಡ್‌ಮಾಸ್ಟರ್ ಕೊಬಾಯಾಶಿ ಮೊದಲ ದಿನ ಪುಟ್ಟ ತೊತ್ತೊಳನ್ನು ಎದುರಿಗೆ ಕೂರಿಸಿಕೊಂಡು, ನಿನಗೆ ಏನು ಹೇಳಬೇಕೋ ಹೇಳು ಅಂತಾರೆ. ನಾಲ್ಕು ಗಂಟೆ ಕೇಳುತ್ತಾರೆ. ಆಕಳಿಸದೆ ಕೇಳುತ್ತಾರೆ. ಇದನ್ನು ಓದಿದಾಗ ಲೈಬ್ರರಿ ಒಂದು ಕ್ಷಣ ಸ್ತಬ್ಧವಾಗುತ್ತದೆ. ತಮ್ಮನ್ನು ಯಾರೂ ಹಾಗೆ ಕೇಳಿಲ್ಲ ಅಂತ ಪ್ರತಿಯೊಬ್ಬರಿಗೂ ಗೊತ್ತು.

ಆ ಶಾಲೆಯಲ್ಲಿ ಬುತ್ತಿಗೆ ಒಂದು ನಿಯಮ ಇದೆ. ಸಮುದ್ರದ್ದೇನಾದರೂ ಒಂದಿರಬೇಕು, ಬೆಟ್ಟದ್ದೇನಾದರೂ ಒಂದಿರಬೇಕು. ನಾನು ಪುಸ್ತಕ ಮಡಚಿ, ನಿಮ್ಮ ಇವತ್ತಿನ ಊಟದಲ್ಲಿ ಏನಿತ್ತು ಅಂತ ಕೇಳಿದೆ. ಒಬ್ಬ ಒಣಮೀನು ಸಮುದ್ರದ್ದು, ಕಳಲೆ ಬೆಟ್ಟದ್ದು ಅಂದ. ಇನ್ನೊಬ್ಬಳ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಅವಳು ತುಂಬ ಹೊತ್ತು ಯೋಚಿಸಿ, "ಉಪ್ಪು! ಉಪ್ಪು ಸಮುದ್ರದ್ದೇ ಅಲ್ವಾ?" ಅಂದಳು. ಎಲ್ಲರೂ ಹೋ ಅಂತ ಕೂಗಿದರು. ಮುಂದಿನ ವಾರ ಅವಳು ಅಪ್ಪೆಹುಳಿಯನ್ನು ಬೆಟ್ಟದ ಲೆಕ್ಕಕ್ಕೆ ಬರೆದುಕೊಂಡು ಬಂದಿದ್ದಳು.

ಇಷ್ಟು ನಗಿಸುವ ಪುಸ್ತಕದಲ್ಲೇ ಜಾತ್ರೆಯಲ್ಲಿ ಕೊಂಡ ಕೋಳಿಮರಿಗಳು ಸಾಯುತ್ತವೆ. ಪೋಲಿಯೊ ಆದ ಗೆಳೆಯ ಯಾಸುಆಕಿ ಸಾಯುತ್ತಾನೆ. ಅವನನ್ನು ತೊತ್ತೊ ಎಷ್ಟು ಕಷ್ಟಪಟ್ಟು ಮರ ಹತ್ತಿಸಿರುತ್ತಾಳೆ ಅನ್ನುವುದು ಓದಿದವರಿಗೆ ಗೊತ್ತು. ರಜೆಯಲ್ಲಿ ಓದು ಅಂತ ಅವನು ಅವಳಿಗೆ ಒಂದು ಪುಸ್ತಕ ಕೊಟ್ಟಿರುತ್ತಾನೆ. ಅದನ್ನು ಅವಳು ಇನ್ನು ಯಾರಿಗೆ ವಾಪಸು ಕೊಡಬೇಕು? ಕೊನೆಗೆ 1945ರ ಬಾಂಬ್ ದಾಳಿಯಲ್ಲಿ ಶಾಲೆಯೇ ಸುಟ್ಟುಹೋಗುತ್ತದೆ. ಉರಿಯುತ್ತಿರುವ ಶಾಲೆಯನ್ನು ನೋಡುತ್ತ ಹೆಡ್‌ಮಾಸ್ಟರ್ ತಮ್ಮ ಮಗನನ್ನು ಕೇಳುತ್ತಾರೆ, ಮುಂದಿನ ಸಲ ಎಂಥ ಶಾಲೆ ಕಟ್ಟೋಣ ಅಂತ.

ಇಲ್ಲಿ ಮಕ್ಕಳು ಅಳುತ್ತಾರೆ. ಒಂದು ಬ್ಯಾಚಿನವರು ಅತ್ತು, ಮುಖ ಒರೆಸಿಕೊಂಡು, ಮೊದಲಿನಿಂದ ಓದಿ ಅಂದರು. ಶಾಲೆ ಮತ್ತೆ ಇರಬೇಕು ಅಂದರೆ ಮೊದಲಿನಿಂದ ಓದಬೇಕು ಅಂತ ಅವರೇ ಕಂಡುಕೊಂಡಿದ್ದರು.

ಕಥೆ ಮುಗಿಯಲೇ ಇಲ್ಲವಲ್ಲ

ತೇಜಸ್ವಿಯವರ ಪುಸ್ತಕಗಳನ್ನು ಅಂಗಡಿಯಲ್ಲಿ ಮಕ್ಕಳ ಸಾಲಿನಲ್ಲಿ ಇಡುವುದಿಲ್ಲ. ಆದರೆ ಮಲೆನಾಡಿನಲ್ಲಿ ಓದುವ ಹುಚ್ಚು ಹಿಡಿದವರನ್ನು ಕೇಳಿ ನೋಡಿ. ಬಹಳಷ್ಟು ಜನ ಆರನೇ ಕ್ಲಾಸಿನಲ್ಲೋ ಏಳನೇ ಕ್ಲಾಸಿನಲ್ಲೋ ಅಣ್ಣನದ್ದೋ ಚಿಕ್ಕಪ್ಪನದ್ದೋ ಪ್ರತಿ ಎತ್ತಿಕೊಂಡು ಓದಿದವರು. ಹಾಗಾಗಿ ಮಕ್ಕಳ ಪುಸ್ತಕ ಅನ್ನುವ ಹಣೆಪಟ್ಟಿಯನ್ನು ನಾನು ಹೆಚ್ಚು ನೋಡುವುದಿಲ್ಲ. 'ಪರಿಸರದ ಕತೆ' 1991ರ ಪುಸ್ತಕ. ಹತ್ತು ವರ್ಷದವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಬಿಡಿ ಬಿಡಿ ಅಧ್ಯಾಯಗಳು. ನಾಯಿ, ಹಕ್ಕಿ, ಮೀನು, ಮರಸು ಬೇಟೆ. ಎಲ್ಲಿಂದ ಬೇಕಾದರೂ ಓದಬಹುದು. ಅದು ಹಿಡಿಸಿದರೆ ಆಮೇಲೆ 'ಕರ್ವಾಲೊ'.

'ಕರ್ವಾಲೊ'ವನ್ನು ನಾವು ಮಳೆ ರಜೆಯ ಒಂದು ವಾರದಲ್ಲಿ ಓದಿದೆವು. ಡಿಸಿ ರಜೆ ಕೊಟ್ಟಿದ್ದರು, ಶಾಲೆ ಇಲ್ಲ, ಮನೆಯಲ್ಲಿ ಕರೆಂಟ್ ಇಲ್ಲ. ಹತ್ತಿರದ ಮನೆಗಳ ಮಕ್ಕಳು ಕೊಡೆ ಹಿಡಿದು, ಕಾಲಿಗೆ ಹತ್ತಿದ ಉಂಬಳ ಕಿತ್ತುಹಾಕುತ್ತಾ ನಮ್ಮ ಮನೆಯ ಜಗಲಿಗೆ ಬರುತ್ತಿದ್ದರು. ಮಂದಣ್ಣನ ಮದುವೆ, ಜೇನಿನ ಪೆಟ್ಟಿಗೆ, ಕಿವಿ ನಾಯಿ, ಎಲ್ಲಕ್ಕೂ ನಗು. ದೊಡ್ಡವರ ವಿಷಯ ಅಂತ ನಾನು ಯಾವುದನ್ನೂ ಹಾರಿಸಲಿಲ್ಲ. ಅವರಿಗೆ ಬೇಡದ್ದನ್ನು ಅವರೇ ಬಿಟ್ಟು ಮುಂದೆ ಹೋಗುತ್ತಾರೆ. ಹಾರುವ ಓತಿಯ ಸುದ್ದಿ ಬಂದದ್ದೇ ತಡ, ಒಬ್ಬ ಹುಡುಗ ಎದ್ದು ನಿಂತ. "ಅದು ನಮ್ಮ ತೋಟದಲ್ಲೇ ಇದೆಯಲ್ಲ! ಅಡಿಕೆ ಮರದಿಂದ ಮರಕ್ಕೆ ಹೋಗತ್ತೆ. ಗಂಟಲ ಹತ್ರ ಹಳದಿ."

ಅವನು ಹೇಳಿದ್ದು ನಿಜ. ನಮ್ಮ ಅಡಿಕೆ ತೋಟಗಳಲ್ಲಿ ಹಾರುವ ಓತಿ ಇದೆ. ಪಕ್ಕೆಲುಬುಗಳಿಗೆ ಅಂಟಿದ ಚರ್ಮವನ್ನು ಅಗಲ ಮಾಡಿ ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಹಾಗಿದ್ದರೆ ಕಾದಂಬರಿಯ ವಿಜ್ಞಾನಿ ಕರ್ವಾಲೊ ಅದನ್ನು ಹುಡುಕಿಕೊಂಡು ಅಷ್ಟು ದೂರ ಯಾಕೆ ಹೋದರು? ಕಾದಂಬರಿಯ ಓತಿ ಕೋಟ್ಯಂತರ ವರ್ಷ ಬದಲಾಗದೇ ಉಳಿದುಬಂದದ್ದು, ತೋಟದ್ದು ಅದೇನಾ? ಅವತ್ತು ಮಧ್ಯಾಹ್ನವೆಲ್ಲ ಇದೇ ಚರ್ಚೆ. ಓದು ನಿಂತೇಹೋಯಿತು. ನಿಲ್ಲಲಿ ಅಂತ ಬಿಟ್ಟೆ.

ಕೊನೆಯ ದಿನ ಓತಿ ಕೈಗೆ ಸಿಕ್ಕಂತೆ ಆಗಿ ಕಣಿವೆಯ ಕಡೆಗೆ ತೇಲಿ ಹೋಗಿಬಿಡುತ್ತದೆ. ನಾನು ಪುಸ್ತಕ ಮುಚ್ಚಿದೆ. ಆ ಹುಡುಗನಿಗೆ ಸಿಟ್ಟು ಬಂತು. ನಿಜವಾದ ಸಿಟ್ಟು. "ಇದೆಂಥದು? ಸಿಗಲೇ ಇಲ್ಲ! ಅಷ್ಟು ದೂರ ಹೋಗಿದ್ದು ಎಂತಕ್ಕೆ? ಕಥೆ ಮುಗಿಲೇ ಇಲ್ಲವಲ್ಲ" ಅಂದ. ಹಿಂದೆ ಕೂತಿದ್ದ ಅವನ ಅಕ್ಕ, "ಸಿಕ್ಕಿದ್ರೆ ಬಾಟ್ಲಿಗೆ ಹಾಕ್ತಿದ್ರು ಕಣೋ" ಅಂದಳು. ಅವನು ಸುಮ್ಮನಾದ. ಒಪ್ಪಿದ ಅಂತಲ್ಲ, ಯೋಚಿಸಲು ಹೋದ. ಎಷ್ಟೋ ದಿನದ ಮೇಲೆ ಸಂತೆಯಲ್ಲಿ ಸಿಕ್ಕಾಗ ನಮಸ್ಕಾರ ಗಿಮಸ್ಕಾರ ಏನೂ ಇಲ್ಲದೆ, "ಅದು ತಿರುಗಿ ನೋಡ್ತಾ?" ಅಂತ ಕೇಳಿದ. ಓತಿಯ ಬಗ್ಗೆ ಅಂತ ಅರ್ಥವಾಗಲು ನನಗೆ ಒಂದು ಕ್ಷಣ ಬೇಕಾಯಿತು.

ನೀತಿ ಇರುವ ಕಥೆ ಓದಿದ ದಿನವೇ ಮುಗಿಯುತ್ತದೆ. ಅದರಲ್ಲಿ ಮಗುವಿಗೆ ಮಾಡಲು ಏನೂ ಕೆಲಸ ಉಳಿದಿರುವುದಿಲ್ಲ. ಇವನಿಗೆ ಕೆಲಸ ಉಳಿದಿತ್ತು.

ಓದಿದ ಮೇಲೆ ಸಾರಾಂಶ ಬರೆಸುವುದು, ಏನು ಕಲಿತೆ ಅಂತ ಕೇಳುವುದು, ದಯವಿಟ್ಟು ಬೇಡ. ಸಂತೆಯಲ್ಲಿ ನಿಲ್ಲಿಸಿ ಕೇಳುವ ಪ್ರಶ್ನೆ ಬರಬೇಕು ಅಂದರೆ ನಾವು ಮೊದಲು ಪ್ರಶ್ನೆ ಕೇಳುವುದು ನಿಲ್ಲಿಸಬೇಕು. ಅರ್ಧಕ್ಕೆ ಬಿಟ್ಟರೆ ಬಿಡಲಿ. ಮೂರು ಪುಸ್ತಕ ಕೊಡಿ, ಒಂದು ಓದಿದರೆ ಸಾಕು.

ಬೇಟೆಯ ಕಥೆ ಕೇಳುವ ಹುಡುಗರಿಗೆ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನ್ನೆತ್ ಆಂಡರ್ಸನ್ ಕಥೆಗಳಿವೆ, 'ಕಾಡಿನ ಕತೆಗಳು' ಅಂತ ನಾಲ್ಕು ಭಾಗ. ಆಂಡರ್ಸನ್ ನಮ್ಮ ಜಿಲ್ಲೆಯ ಕಾಡುಗಳಲ್ಲೂ ಓಡಾಡಿದವನು, ಚೋರಡಿಯ ಹುಲಿಯ ಬಗ್ಗೆ ಬರೆದವನು. ಶಿವಮೊಗ್ಗದಿಂದ ಸಾಗರಕ್ಕೆ ಬಸ್ಸಿನಲ್ಲಿ ಹೋಗುವಾಗ ಚೋರಡಿ ಬಂತು ಅಂತ ಹೇಳಿದರೆ ಸಾಕು, ಮಕ್ಕಳು ಕಿಟಕಿಗೆ ಮುಖ ಒತ್ತುತ್ತಾರೆ.

ಎಲ್ಲ ದುಃಖವೂ ಎಲ್ಲರಿಗೂ ಅಲ್ಲ

ಹಾಗಂತ ಅಳಿಸುವ ಪುಸ್ತಕವೇ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ರಕ್ತ, ದೆವ್ವ, ಕೊಲೆಯನ್ನು ಸುಮ್ನೆ ರುಚಿಗೆ ಹಾಕಿದ ಪುಸ್ತಕಗಳಿವೆ. ಅಲ್ಲಿ ಸತ್ತವರನ್ನು ಯಾರೂ ನೆನೆಯುವುದಿಲ್ಲ. ಅದನ್ನು ನಾನು ಕೊಡುವುದಿಲ್ಲ. ಇನ್ನೊಂದು, ಮಗು ಈಗ ಯಾವ ಸ್ಥಿತಿಯಲ್ಲಿದೆ ಅನ್ನುವುದು. ಅಪ್ಪನನ್ನು ಕಳೆದುಕೊಂಡ ಒಬ್ಬ ಹುಡುಗ ಆ ಮಳೆಗಾಲದಲ್ಲೇ ಲೈಬ್ರರಿಗೆ ಬಂದ. ಸಂಬಂಧಿಕರೊಬ್ಬರು, ಅವನಿಗೆ ಸಾವಿನ ಬಗ್ಗೆ ತಿಳಿಯುವಂಥದ್ದು ಏನಾದರೂ ಕೊಡಿ ಅಂದರು. ಅವನಿಗೆ ಸಾವಿನ ಬಗ್ಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ನಾನು ತೇಜಸ್ವಿಯವರ 'ಹಕ್ಕಿಪುಕ್ಕ' ಕೊಟ್ಟೆ. ಅವನು ಚಿತ್ರ ನೋಡಿ ನೋಡಿ ಹಕ್ಕಿ ಗುರುತಿಸುತ್ತಾ ಕೂತಿರುತ್ತಿದ್ದ. ಮಂಡಗದ್ದೆಗೆ ಹೋಗಿ ತುಂಗೆಯ ನಡುಗಡ್ಡೆಯ ಹಕ್ಕಿಗಳನ್ನು ನೋಡಿ ಬಂದು ಪಟ್ಟಿ ಮಾಡಿದ. 'ತೊತ್ತೊ-ಚಾನ್' ಅವನು ತಾನೇ ತೆಗೆದದ್ದು ಎಷ್ಟೋ ಕಾಲದ ಮೇಲೆ.

ಮಹಾಪುರುಷರ ಪುಸ್ತಕ ಬೇಡವೇ ಬೇಡವಾ ಅಂತ ಕೇಳುವವರಿಗೆ ಬೊಳುವಾರು ಮಹಮದ್ ಕುಂಞಿ ಅವರ 'ಪಾಪು ಗಾಂಧಿ, ಗಾಂಧಿ ಬಾಪು ಆದ ಕಥೆ' ಹೇಳುತ್ತೇನೆ. ಬಾಲ ಸಾಹಿತ್ಯ ಪುರಸ್ಕಾರ ಶುರುವಾದ 2010ರಲ್ಲೇ ಕನ್ನಡಕ್ಕೆ ಅದನ್ನು ತಂದ ಪುಸ್ತಕ ಇದು. ಗಾಂಧಿ ಹುಟ್ಟುತ್ತಲೇ ಮಹಾತ್ಮ ಆಗಿರಲಿಲ್ಲ ಅನ್ನುವುದು ಹೆಸರಿನಲ್ಲೇ ಇದೆ. ಹೊಸಬರದ್ದು ಬೇಕು ಅನ್ನುವವರು ಅದೇ ಪುರಸ್ಕಾರದ ಈಚಿನ ಪುಸ್ತಕಗಳಿಂದ ಶುರು ಮಾಡಬಹುದು. ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ', ನಮ್ಮ ಪಕ್ಕದ ಸಿದ್ದಾಪುರದ ಮೇಷ್ಟ್ರು ತಮ್ಮಣ್ಣ ಬೀಗಾರರ 'ಬಾವಲಿ ಗುಹೆ', ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್', ಕೃಷ್ಣಮೂರ್ತಿ ಬಿಳಿಗೆರೆ ಅವರ 'ಛೂಮಂತ್ರಯ್ಯನ ಕಥೆಗಳು'. ಕನ್ನಡದಲ್ಲಿ ಮಕ್ಕಳಿಗೆ ಏನೂ ಬರುತ್ತಿಲ್ಲ ಅನ್ನುವ ಮಾತು ಸುಳ್ಳು. ಬರುತ್ತಿದೆ, ಮಕ್ಕಳ ಕೈಗೆ ಹೋಗುತ್ತಿಲ್ಲ. ದುಡ್ಡಿನ ತೊಂದರೆ ಇದ್ದವರು ಪಂಚಾಯ್ತಿ ಲೈಬ್ರರಿಗೆ ಹೋಗಿ. 2020ರಿಂದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಇದೆ. ಬೇಕಾದ ಪುಸ್ತಕದ ಹೆಸರು ಬರೆದುಕೊಟ್ಟು ತರಿಸಿ ಅಂತ ಒತ್ತಾಯ ಮಾಡಿ.

ಹುಡುಗಿ ಇರೋದು ಕೊಡಿ

ಅಜ್ಜಯ್ಯನಿಗೆ ಪುಸ್ತಕ ಓದಿದ ಆ ಹುಡುಗಿ ಆಮೇಲೆ ಕಪಾಟಿನ ಬಹುಪಾಲು ಓದಿ ಮುಗಿಸಿದಳು. ಒಂದು ದಿನ ಬಂದು ಕೇಳಿದಳು. "ಅಕ್ಕಾ, ಕಾಡಿಗೆ ಹೋಗೋದು, ಹೊಳೆ ದಾಟೋದು ಎಲ್ಲ ಹುಡುಗರೇ ಯಾಕೆ? ಹುಡುಗಿ ಒಬ್ಬಳೇ ಹೋಗೋದು ಇದ್ರೆ ಕೊಡಿ." ತೊತ್ತೊ ಅವಳಿಗೆ ಇಷ್ಟ, ಆದರೆ ತೊತ್ತೊ ಪೇಟೆಯವಳು. ಕಪಾಟಿನಲ್ಲಿ ಹುಡುಕಿದೆ. ಕೊನೆಗೆ ನನ್ನ ಹತ್ತಿರವೇ ಇದ್ದ ರಸ್ಕಿನ್ ಬಾಂಡ್ ಅವರ ಚಿಕ್ಕ ಇಂಗ್ಲಿಷ್ ಪುಸ್ತಕ ತಂದೆ, 'ಆ್ಯಂಗ್ರಿ ರಿವರ್'. ಹೊಳೆಯ ನಡುವಿನ ದ್ವೀಪದಲ್ಲಿ ಅಜ್ಜ ಅಜ್ಜಿಯ ಜೊತೆ ಇರುವ ಸೀತಾ ಅನ್ನುವ ಹುಡುಗಿ. ಅಜ್ಜಿಗೆ ಹುಷಾರಿಲ್ಲದೆ ಅಜ್ಜ ಆಸ್ಪತ್ರೆಗೆ ಕರೆದುಕೊಂಡು ಹೋಗಿರುವಾಗ ನೆರೆ ಬರುತ್ತದೆ. ಅವಳೊಬ್ಬಳೇ ಇದ್ದಾಳೆ. ಇಂಗ್ಲಿಷ್ ನೋಡಿಕೊಂಡು ಕನ್ನಡದಲ್ಲಿ ಹೇಳುತ್ತಾ ಹೋದೆ. ನಾನು ಮಾತು ಹುಡುಕಿ ತಡವರಿಸಿದಲ್ಲೆಲ್ಲ ಅವಳೇ ಕೊಟ್ಟಳು. ನೀರು ಏರುವುದರ ಬಗ್ಗೆ ಅವಳಿಗೆ ನನಗಿಂತ ಹೆಚ್ಚು ಮಾತು ಗೊತ್ತಿತ್ತು. ಆ ಅಜ್ಜಿ ಮನೆಗೆ ವಾಪಸು ಬರುವುದಿಲ್ಲ. ಅದನ್ನು ಕೇಳಿ ಅವಳು ತಲೆ ಆಡಿಸಿದಳು ಅಷ್ಟೇ. ಅಂಥದ್ದನ್ನು ಮೊದಲೇ ಊಹಿಸಿದ್ದವಳ ಹಾಗೆ.

ಇಂಥ ಸೀತೆಯರು ನಮ್ಮ ಹಿನ್ನೀರಿನ ದಡದಲ್ಲೇ ಎಷ್ಟೊಂದು ಜನ ಇದ್ದಾರೆ. ಲಾಂಚ್ ಹತ್ತಿ ಶಾಲೆಗೆ ಹೋದವರು, ತುಂಬು ಗರ್ಭಿಣಿಯರನ್ನು ರಾತ್ರಿ ಹೊಳೆ ದಾಟಿಸಲು ಮನೆಯವರು ಒದ್ದಾಡಿದ್ದನ್ನು ನೋಡಿದವರು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಅದು ಎಷ್ಟು ದೊಡ್ಡ ಸಮಾಧಾನ ಅನ್ನುವುದು ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಈಗ ಹುಟ್ಟಿದ ಮಕ್ಕಳಿಗೆ ಲಾಂಚಿಗೆ ಕಾಯುವುದು ಅಂದರೇನು ಅಂತ ಯಾರಾದರೂ ಹೇಳಿಯೇ ಗೊತ್ತಾಗಬೇಕು. ಮಂಗನ ಕಾಯಿಲೆಯ ವರ್ಷದ ಒಂದು ಮನೆ, ಮಕ್ಕಳು ಕಡಿಮೆಯಾಗಿ ಮುಚ್ಚಿಹೋದ ಒಂದು ಶಾಲೆ, ಆನೆ ಬಂದುಹೋದ ಗದ್ದೆ, ಇವುಗಳ ನಡುವೆ ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಾನೇ ತೀರ್ಮಾನ ಮಾಡಿ ಹೊರಡುವ ಕಥೆ ನನಗೆ ಬೇಕು. ಇಲ್ಲಿ ಬರೆಯುವವರು ತುಂಬ ಜನ ಇದ್ದೀರಿ. ಕವಿತೆ ಬರೆಯುತ್ತೀರಿ, ಪ್ರಬಂಧ ಬರೆಯುತ್ತೀರಿ. ಇದನ್ನೂ ಬರೆಯಿರಿ. ಮಕ್ಕಳಿಗೆ ಅಂತ ಮೃದು ಮಾಡಬೇಡಿ.

ನಾನು ಇದನ್ನೇ ಆ ಹುಡುಗಿಯ ಹತ್ತಿರವೂ ಹೇಳಿದೆ, ಲಾಂಚಿನ ಕಥೆ ಯಾರಾದರೂ ಬರೆಯಬೇಕು ಅಂತ. ಅವಳು, "ಬರೆಯೋರು ಮೊದ್ಲು ನಮ್ಮ ಅಜ್ಜಯ್ಯನ್ನ ಕೇಳ್ಬೇಕು. ಲಾಂಚ್ ಬರೋಕಿಂತ ಮುಂಚೆ ಹೊಳೆ ಹೇಗೆ ದಾಟ್ತಿದ್ರು ಅಂತ ಅವರಿಗೆ ಗೊತ್ತು" ಅಂದಳು. ಬರೆಯುವವರು ಯಾರಾದರೂ ಇದ್ದರೆ ನಾನು ಅವರ ಮನೆಗೆ ಕರೆದುಕೊಂಡು ಹೋಗುತ್ತೇನೆ. ಶನಿವಾರ ಬೇಡ, ಅವತ್ತು ಓದುವುದಿರುತ್ತದೆ.